ಕೂಸಿನ ಜೊತೆ ಬೆಳೆದ ಕೌದಿ

ಕಲಬುರಗಿಯ ಸ್ನೇಹಿತರೊಬ್ಬರ ಮನೆಯಲ್ಲಿ ಅವರ ಮಗ ಒಂದು ಕೌದಿಯ ಮೇಲೆ ಮಲಗಿದ್ದ. ನಡುವೆ ತೊಟ್ಟಿಲಿಗೆ ಹಾಸುವಷ್ಟು ಪುಟ್ಟ ಕೌದಿ, ಅದರ ಸುತ್ತ ಗೇಣಗಲದ ಒಂದು ಪಟ್ಟಿ. ಆ ಪಟ್ಟಿಗೆ ಇನ್ನೊಂದು ಸುತ್ತು, ಅದರಾಚೆ ಮತ್ತೊಂದು. ಒಂದೊಂದು ಸುತ್ತಿನ ಬಟ್ಟೆಯೂ ಬೇರೆ, ದಾರದ ಬಣ್ಣವೂ ಬೇರೆ. ಹೀಗೇಕೆ ಎಂದು ಕೇಳಿದೆ. ‘ಇದು ನಮ್ಮ ಮನೆಯವಳ ಆಯಿ ಹೊಲಿದದ್ದು. ಲಾಕ್‌ಡೌನಿನಾಗ ಬೆಳದದ್ದು’ ಎಂದರು. ಹೊಲಿದದ್ದು ಸರಿ, ಬೆಳೆದದ್ದು ಎಂದರೇನು? ಅದನ್ನು ತಿಳಿಯಲೆಂದೇ ಆ ಆಯಿ, ಅಂದರೆ ಅಜ್ಜಿ, ಇರುವ ಉಮರಗಾ ಕಡೆಗೆ ಆಳಂದದ ಮೇಲೆ ಹಾದು ಹೊರಟೆ.

ಖಜೂರಿ ದಾಟಿದರೆ ಮಹಾರಾಷ್ಟ್ರ. ರಸ್ತೆಯ ಫಲಕದ ಲಿಪಿ ಬದಲಾಗುತ್ತದೆ, ಹೊಲದ ಮಣ್ಣು ಬದಲಾಗುವುದಿಲ್ಲ. ಅದೇ ಎರೆ, ಅದೇ ತೊಗರಿ, ಅದೇ ಸೋಯಾ. ಉಮರಗಾ ತಾಲ್ಲೂಕಿನ ಕಡೆಯಿಂದ ಹರಿದು ಬರುವ ಬೆಣ್ಣೆತೊರೆ ಕಲಬುರಗಿ ಜಿಲ್ಲೆಗೆ ಇಳಿಯುತ್ತದೆ. ಮುರುಮ್, ಆಲೂರು ಸುತ್ತಿನ ಹಳ್ಳಿಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ, ತಹಸೀಲು ಕಚೇರಿಯ ಮಾತು ಮರಾಠಿ. ಹೆಣ್ಣು ಕೊಟ್ಟು ತರುವುದು ಇಂದಿಗೂ ಎರಡೂ ಕಡೆಗೆ. ಉದಗೀರ, ನಿಲಂಗಾ ತಾಲ್ಲೂಕುಗಳಂತೂ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯವೇ ಆಗಿದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಜೊತೆ ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರು ಜಿಲ್ಲೆ ಹುಟ್ಟಿದಾಗ ಅದರೊಳಗೆ ಸೇರಿದವು. ಗಡಿ ಕಾಗದದ ಮೇಲೆ ಎಷ್ಟು ಸಲ ಸರಿದರೂ ಬೀಗರ ಮನೆಗೆ ಹೋಗುವ ದಾರಿ ಮುಚ್ಚಿರಲಿಲ್ಲ. ಅದು ಮುಚ್ಚಿದ್ದು 2020ರಲ್ಲಿ.

ನಾನು ಹುಡುಕಿಕೊಂಡು ಹೋದ ಆಯಿ ಅಂಗಳದ ಬೇವಿನ ನೆರಳಲ್ಲಿ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಅರ್ಧ ಹೊಲಿದ ಇನ್ನೊಂದು ಕೌದಿ. ವಯಸ್ಸು ಕೇಳಿದರೆ ವರ್ಷ ಹೇಳಲಿಲ್ಲ. ‘ಬಹಾತ್ತರದ ಬರದಾಗ ನನಗ ಎರಡು ಮಕ್ಕಳು’ ಎಂದರು. 1972ರ ಬರಗಾಲ. ಆಗ ಅವರು ರಸ್ತೆ ಕೆಲಸದಲ್ಲಿ ಖಡಿ ಒಡೆದಿದ್ದಾರೆ, ಸರಕಾರ ಕೊಟ್ಟ ಸುಕಡಿ ಎಂಬ ತಿನಿಸು ತಿಂದು ಮಕ್ಕಳನ್ನು ಸಾಕಿದ್ದಾರೆ. ಹೆಸರು ಮಾತ್ರ ಬರೆಯಬೇಡ ಅಂದರು. ‘ಹೆಸರು ಯಾಕ ಬೇಕು ತಮ್ಮಾ, ಕೌದಿ ನೋಡಿದಿ ಅಲ್ಲಾ’ ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ಕೌದಿ ಎಂದರೆ ಹೊಸ ಬಟ್ಟೆಯ ಕೆಲಸವಲ್ಲ. ಉಟ್ಟು ಮೆತ್ತಗಾದ ಹತ್ತಿ ಸೀರೆ, ಧೋತರ, ರುಮಾಲು, ಕುಬಸದ ಚೂರುಗಳನ್ನು ಪದರ ಪದರವಾಗಿ ಹಾಸಿ ಸೂಜಿಯಿಂದ ಒಂದು ಮಾಡುವುದು. ಮರಾಠಿಯಲ್ಲಿ ಇದನ್ನೇ ಗೋಧಡಿ ಅಂತಾರೆ, ವಾಕಳ ಅಂತಲೂ ಅಂತಾರೆ. ಗೊಂಧಳಿ, ಬುಡಬುಡಕಿ ಮನೆತನಗಳ ಹೆಣ್ಣುಮಕ್ಕಳು ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುತ್ತಿದ್ದರು. ಒಕ್ಕಲುತನದ ಮನೆಗಳಲ್ಲಿ ಸುಗ್ಗಿ ಮುಗಿದ ಮೇಲಿನ ಬೇಸಿಗೆಯ ಮಧ್ಯಾಹ್ನ ನಾಲ್ಕು ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಹಳ್ಳಕ್ಕೆ ಹೋಗಿ ಒಗೆಸಿಕೊಂಡು ಬರುತ್ತಿದ್ದವು. ಬಂಡೆಗಳ ಮೇಲೆ ಊರಿನ ಕೌದಿಗಳೆಲ್ಲ ಒಣಗುವ ಆ ದಿನ ಯಾರ ಮನೆಯಲ್ಲಿ ಎಂಥ ಕೈ ಇದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಆಯಿ ಹೊಲಿಯುವುದನ್ನು ಎರಡು ತಾಸು ನೋಡಿದೆ. ಹೊರಗಿನ ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತು ಬರುತ್ತ ಒಳಗೆ ನಡುವಿಗೆ ಬಂದು ಮುಟ್ಟಬೇಕು. ಒಂದೊಂದು ಟಾಕಿ ಜೋಳದ ಕಾಳಿನಷ್ಟು. ಸಾಲಿಗೂ ಸಾಲಿಗೂ ನಡುವೆ ಬೆರಳು ಅಗಲ. ಎಡಗೈ ಕೌದಿಯ ಅಡಿಗೆ ಹೋಗಿ ಸೂಜಿಯ ಮೊನೆ ಬಂದ ಜಾಗವನ್ನು ಮುಟ್ಟಿ ನೋಡುತ್ತದೆ. ಆ ಕೈಯ ತೋರುಬೆರಳಿನ ತುದಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಕೊರಡಿನಂತಾಗಿದೆ. ಕಣ್ಣು ಮಂಜಾಗಿ ದಾರ ಪೋಣಿಸಲು ಆಗುವುದಿಲ್ಲ. ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಮೊಮ್ಮಗಳು ಹತ್ತು ಸೂಜಿಗಳಿಗೆ ದಾರ ಹಾಕಿ ಹಳೆಯ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಾಳೆ. ಹತ್ತೂ ಮುಗಿದರೆ ಅವತ್ತಿನ ಕೆಲಸ ಮುಗಿಯಿತು.

ಕೊನೆಗೆ ನಡುವೆ ಅಂಗೈಯಗಲ ಜಾಗ ಉಳಿದಾಗ ಆಯಿ ಹೊಲಿಗೆ ನಿಲ್ಲಿಸುತ್ತಾರೆ. ಒಣಗಿದ ಜೋಳದ ರೊಟ್ಟಿಯ ಉಗುರಗಲ ಚೂರಿಗೆ ಅರಿಶಿನ ಸವರಿ, ಚಿಂದಿಯಲ್ಲಿ ಸುತ್ತಿ, ಪದರಗಳ ನಡುವೆ ಇಟ್ಟು ಬಾಯಿ ಮುಚ್ಚಿ ಹೊಲಿಯುತ್ತಾರೆ. ಇದು ಕೌದಿಯ ತುತ್ತು. ‘ಹೊಟ್ಟಿ ಖಾಲಿ ಇದ್ದ ಕೌದಿ ಹೊಚಗೊಂಡವರಿಗಿ ಬೆಚ್ಚಗ ಇಡೂದಿಲ್ಲ. ಬೆಲ್ಲ ಇಡಬ್ಯಾಡ, ಇರಬಿ ಮುತ್ತತಾವ’ ಎಂದರು. ಅವರ ಅತ್ತೆ ಹೇಳಿಕೊಟ್ಟ ಪದ್ಧತಿ. ಉಳಿದ ಕೆಲಸದ ಬಗ್ಗೆ, ಎಷ್ಟು ಪದರ, ಎಷ್ಟು ದಿನ ಎಂಬುದರ ಬಗ್ಗೆ, ನಾನು ಕೇಳಿದ್ದಕ್ಕೆ ಅವರಿಗೆ ಆಸಕ್ತಿ ಇರಲಿಲ್ಲ. ತುತ್ತಿನ ಮಾತು ಬಂದಾಗ ಮಾತ್ರ ನಾಲ್ಕು ಸಲ ಹೇಳಿದರು.

ಆ ತೊಟ್ಟಿಲ ಕೌದಿಯನ್ನು ಅವರು ಹಿಡಿದದ್ದು 2020ರ ಹೋಳಿ ಹುಣ್ಣಿಮೆಯ ದಿನ. ಮಗಳನ್ನು ಕೊಟ್ಟದ್ದು ಆಳಂದ ತಾಲ್ಲೂಕಿಗೆ. ಆ ಮಗಳ ಮಗಳು, ನನ್ನ ಸ್ನೇಹಿತರ ಹೆಂಡತಿ, ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಾನೇ ಕೌದಿ ಹಾಸಿ, ತಾನೇ ಕೂಸನ್ನು ಮಲಗಿಸಬೇಕೆಂಬುದು ಆಯಿಯ ಆಸೆ. ಹೋಳಿಯ ದಿನಗಳಲ್ಲೇ, ಮಾರ್ಚ್ 10ರಂದು, ಕಲಬುರಗಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಎರಡು ದಿನದ ನಂತರ, ಅದು ಕೊರೊನಾದಿಂದ ದೇಶದಲ್ಲಾದ ಮೊದಲ ಸಾವು ಎಂದು ಖಚಿತವಾಯಿತು. ಮಾರ್ಚ್ 25ಕ್ಕೆ ದೇಶವೇ ನಿಂತಿತು. ಏಪ್ರಿಲ್ ಮೊದಲ ವಾರ ನಿಲಂಗಾದಲ್ಲಿ ತಂಗಿದ್ದ ಹೊರರಾಜ್ಯದ ಪ್ರಯಾಣಿಕರಲ್ಲಿ ಲಾತೂರು ಜಿಲ್ಲೆಯ ಮೊದಲ ಸೋಂಕು ಕಂಡಿತು. ತಿಂಗಳ ಕೊನೆಗೆ ಉದಗೀರಿನ ಓಣಿಗಳಿಗೆ ಬಿದಿರು ಕಟ್ಟಿದರು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು, ಮುಳ್ಳು ಹಾಕಿದರು.

ಊರಲ್ಲಿ ಡಂಗುರ ಹೊಡೆದದ್ದು ಮರಾಠಿಯಲ್ಲಿ. ಕೆಮ್ಮು ಜ್ವರ ಇದೆಯೇ ಎಂದು ಮನೆಮನೆಗೆ ಬಂದ ಆಶಾ ಕಾರ್ಯಕರ್ತೆಯ ಕೈಯಲ್ಲಿದ್ದ ಕಾಗದವೂ ಮರಾಠಿ. ಆಕೆ ಬಾಗಿಲಲ್ಲಿ ನಿಂತು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಕೆಲಸಕ್ಕೆಂದು ಹೋದವರು ಪುಣೆ, ಮುಂಬಯಿಯಿಂದ ಹೆದ್ದಾರಿ 65ರ ಗುಂಟ ಟೆಂಪೊ ಹತ್ತಿ, ಲಾರಿ ಹತ್ತಿ, ಕೆಲವರು ನಡೆದೇ ಬಂದರು. ಅವರನ್ನು ಹದಿನಾಲ್ಕು ದಿನ ಜಿಲ್ಲಾ ಪರಿಷತ್ ಶಾಲೆಯಲ್ಲಿ ಇಟ್ಟರು. ಶಾಲೆಯ ಫರಸಿಯ ಮೇಲೆ ಮಕ್ಕಳು ಮರಿ ಹೇಗೆ ಮಲಗಬೇಕು? ಊರಿನ ಮನೆಗಳಿಂದ ಕೌದಿಗಳು ಹೋದವು. ಗೇಟಿನ ಹೊರಗೆ ಇಟ್ಟು ಬರುವುದು, ಅವರು ಬಂದು ಒಯ್ಯುವುದು. ಹದಿನಾಲ್ಕು ದಿನ ಕಳೆದು ಅವರು ಮನೆಗೆ ಹೋದ ಮೇಲೆ ಆ ಕೌದಿಗಳನ್ನು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ಸುಟ್ಟುಬಿಡೋಣ ಎಂದು ಕೆಲವರು ಅಂದರಂತೆ. ‘ಕೌದಿ ಸುಡತಾರೇನು? ನಮ್ಮ ಅವ್ವಂದಿರ ಸೀರಿ ಅವು’ ಎಂದು ಆಯಿ ಜಗಳ ತೆಗೆದು, ಹಿತ್ತಲಲ್ಲಿ ಹಂಡೆ ಇಟ್ಟು ಸೋಡಾ ಹಾಕಿ ಕುದಿಸಿದರು. ಮೂರು ದಿನ ಬಿಸಿಲಿಗೆ ಹಾಕಿದರು. ಒಂದನ್ನೂ ಸುಡಲು ಬಿಡಲಿಲ್ಲ.

ರೋಗಕ್ಕೆ ಊರು ಬಾಗಿಲು ಹಾಕುವುದು ಅವರಿಗೆ ಹೊಸದಲ್ಲ. ಪ್ಲೇಗು ಬಂದಾಗ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿದ್ದನ್ನು, 1918ರ ಜ್ವರವನ್ನು ಈ ಕಡೆ ಮಾನಮೋಡಿ ಎಂದು ಕರೆದದ್ದನ್ನು ಅತ್ತೆಯ ಬಾಯಲ್ಲಿ ಕೇಳಿದ್ದಾರೆ. ಇನ್ನೊಂದು ಆಪತ್ತನ್ನು ತಾವೇ ಕಂಡಿದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಹಿಂದಿನ ದಿನವಷ್ಟೇ ಗಣಪತಿ ಕಳಿಸಿದ್ದರು. ಔಸಾ, ಉಮರಗಾ ತಾಲ್ಲೂಕುಗಳ ಕಲ್ಲುಮಣ್ಣಿನ ಮನೆಗಳು ಮಲಗಿದವರ ಮೇಲೆ ಕುಸಿದವು. ಬದುಕಿದವರು ತಿಂಗಳುಗಟ್ಟಲೆ ಮಾಳಿಗೆಯ ಕೆಳಗೆ ಮಲಗಲು ಹೆದರಿ ಬಯಲಲ್ಲಿ ಕೌದಿ ಹೊದ್ದು ಮಲಗಿದರು. ‘ಆವಾಗ ಎಲ್ಲಾರೂ ಒಂದೇ ಕಡಿ ಮಲಗಿದಿವಿ. ಈ ಸಲ ಒಬ್ಬರಿಗೊಬ್ಬರು ದೂರ’ ಎಂದರು ಆಯಿ. ಎರಡಕ್ಕೂ ಇದ್ದ ವ್ಯತ್ಯಾಸ ಅವರ ಮಟ್ಟಿಗೆ ಅದೊಂದೇ.

ಜೂನ್‌ನಲ್ಲಿ ಕೂಸು ಹುಟ್ಟಿತು, ಗಂಡು. ಫೋನಿನಲ್ಲಿ ಅಳುವ ಸದ್ದು ಕೇಳಿಸಿದರು. ತೊಟ್ಟಿಲ ಶಾಸ್ತ್ರ ನಾಲ್ಕು ಜನರಲ್ಲಿ ಮುಗಿಯಿತು. ಆಯಿಯ ಮಗ ಮೋಟರ್‌ಸೈಕಲ್ ಮೇಲೆ ಒಳದಾರಿ ಹಿಡಿದು ಕೌದಿ ಕೊಟ್ಟು ಬರುತ್ತೇನೆ ಎಂದ. ಆಯಿ ಒಪ್ಪಲಿಲ್ಲ. ಮರಿಮೊಮ್ಮಗನ ಕೌದಿ ಇನ್ನೊಬ್ಬರ ಕೈಯಲ್ಲಿ ಹೋಗಬಾರದು. ಆಯಿಯ ಮೊಣಕಾಲು ಮೋಟರ್‌ಸೈಕಲ್‌ಗೆ ಬರುವುದಿಲ್ಲ. ಅಂದರೆ ಬಸ್ಸು ಬೇಕು.

ದಸರೆಯ ಹೊತ್ತಿಗೆ ಬಸ್ಸುಗಳು ಶುರುವಾಗಿದ್ದವು. ಆಗ ಮನೆಯಲ್ಲೇ ಜ್ವರ ಬಂತು. ಬಾಗಿಲಿಗೆ ಚೀಟಿ ಅಂಟಿಸಿದರು. ಅಷ್ಟರಲ್ಲಿ ಕೂಸು ಮಗ್ಗುಲಾಗಿ ಬೋರಲು ಬೀಳುತ್ತಿದೆ ಎಂದು ಸುದ್ದಿ ಬಂದಿತ್ತು. ತೊಟ್ಟಿಲ ಕೌದಿ ಅದಕ್ಕೆ ಸಾಲದು. ಆಯಿ ಅಂಚಿನ ಹೊಲಿಗೆ ಎರಡು ಬೆರಳಷ್ಟು ಬಿಚ್ಚಿ ಸುತ್ತಲೂ ಮೊದಲ ಪಟ್ಟಿ ಸೇರಿಸಿದರು. ಊರಿನ ಬಚತ್ ಗಟ್ (ಸ್ವಸಹಾಯ ಸಂಘ) ಹೆಂಗಸರು ಮಾಸ್ಕ್ ಹೊಲಿದು ಉಳಿದ ಹತ್ತಿ ಬಟ್ಟೆಯ ಚೂರುಗಳು ಅದರಲ್ಲಿವೆ.

2021ರ ಫೆಬ್ರುವರಿಯಲ್ಲಿ ಹೊರಡಬೇಕೆಂದಾಗ ಕರ್ನಾಟಕಕ್ಕೆ ಬರುವವರು 72 ತಾಸಿನೊಳಗಿನ ಆರ್‌ಟಿಪಿಸಿಆರ್ ವರದಿ ತೋರಿಸಬೇಕೆಂದು ಗಡಿಯಲ್ಲಿ ನಾಕೆ ನಿಂತಿತು. ಏಪ್ರಿಲ್‌ನಲ್ಲಿ ಎರಡನೇ ಅಲೆ. ಮೇ ತಿಂಗಳಲ್ಲಿ ಆಳಂದ ಕಡೆಯ ತವರಿನಲ್ಲಿ ಆಯಿಯ ಅಣ್ಣ ತೀರಿಕೊಂಡರು. ಮುಖ ನೋಡಲು ಹೋಗಲಾಗಲಿಲ್ಲ, ಮೂರನೆಯ ದಿನಕ್ಕೂ ಹೋಗಲಾಗಲಿಲ್ಲ. ಹಿಂದೆ ಯಾವಾಗಲೋ ಬಂದಾಗ ಅವರು ಗೂಟಕ್ಕೆ ಹಾಕಿ ಮರೆತು ಹೋಗಿದ್ದ ಬಿಳಿ ರುಮಾಲು ಹಾಗೆಯೇ ಇತ್ತು. ಎರಡನೆಯ ಪಟ್ಟಿ ಆ ರುಮಾಲಿನದು. ಸತ್ತವರ ಬಟ್ಟೆ ಕೂಸಿಗೆ ಆಗದು ಎಂದು ಸೊಸೆ ಹೇಳಿದಳು. ‘ಇಟ್ಟು ಹೋಗುವಾಗ ಅಂವ ಜೀವಂತ ಇದ್ದ’ ಎಂದರಂತೆ ಆಯಿ. ನನ್ನ ಮುಂದೆ ಈ ಮಾತು ಹೇಳಿದ್ದು ಸೊಸೆ. ಆಯಿ ಆಗ ಸೂಜಿ ಬದಲಿಸುತ್ತಿದ್ದರು.

ಮೂರನೆಯದು ನೀಲಿ. ಸೂಜಿಗೆ ದಾರ ಹಾಕುವ ಆ ಮೊಮ್ಮಗಳಿಗೆ 2020ರಲ್ಲಿ ಹೊಲಿಸಿದ್ದ ಶಾಲೆಯ ಸಮವಸ್ತ್ರ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದರಿಂದ ನಾಲ್ಕನೆಯ ತರಗತಿ ಮತ್ತೆ ತೆರೆದದ್ದು 2021ರ ಡಿಸೆಂಬರ್ 1ಕ್ಕೆ. ಅಷ್ಟೊತ್ತಿಗೆ ಒಂದು ದಿನವೂ ತೊಡದ ಆ ಲಂಗ ಮೊಣಕಾಲಿನ ಮೇಲೆ ನಿಂತಿತು. ಕೌದಿಯಲ್ಲಿ ಅದೊಂದು ಸುತ್ತು ಮಾತ್ರ ಇಂದಿಗೂ ಒರಟು. ಕಲಬುರಗಿಯಲ್ಲಿ ಕೈಯಾಡಿಸಿದಾಗಲೇ ಅದು ನನ್ನ ಗಮನಕ್ಕೆ ಬಂದಿತ್ತು.

ರೋಗ ತಗ್ಗಿ ದಾರಿ ತೆರೆದರೂ ಬಸ್ಸು ಬರಲಿಲ್ಲ. 2021ರ ಅಕ್ಟೋಬರ್ ಕೊನೆಗೆ ಶುರುವಾದ ಮಹಾರಾಷ್ಟ್ರ ಸಾರಿಗೆ ಸಂಸ್ಥೆ (ಎಸ್‌ಟಿ) ನೌಕರರ ಮುಷ್ಕರ 2022ರ ಏಪ್ರಿಲ್‌ವರೆಗೆ ಎಳೆಯಿತು. ಲಾಲ್ ಪರಿ ಎಂದು ಇಲ್ಲಿನವರು ಕರೆಯುವ ಕೆಂಪು ಬಸ್ಸುಗಳು ಡಿಪೊಗಳಲ್ಲೇ ನಿಂತಿದ್ದವು. ಅವು ಮತ್ತೆ ಓಡಿದ ಮೇಲೆ ಆಯಿ ಕೌದಿಯನ್ನು ಬಿಳಿ ಧೋತರದಲ್ಲಿ ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಹೊರಟರು. ಹುಡುಗ ಆಗಲೇ ಎರಡು ವರ್ಷದವನಾಗುತ್ತಿದ್ದ. ಅಪರಿಚಿತ ಮುದುಕಿಯನ್ನು ಕಂಡು ಅತ್ತ. ಕೌದಿ ಹಾಸಿದರು. ಸ್ವಲ್ಪ ಹೊತ್ತಿಗೆ ಅವನೇ ಬಂದು ಅದರ ಮೇಲೆ ಮಲಗಿದ. ತಲೆ ಒಂದು ನೀಲಿ ಅಂಚಿಗೆ, ಕಾಲು ಇನ್ನೊಂದು ಅಂಚಿಗೆ ಸರಿಯಾಗಿ ಮುಟ್ಟಿದವು.

‘ಕೂಸು ಬೆಳಿಯೂದು ನಿಂದರ್ತದೇನು ತಮ್ಮಾ? ರಸ್ತಾ ಬಂದ್ ಇತ್ತು, ಕೂಸು ಬೆಳಿಲಾಕ ಹತ್ತಿತ್ತು. ಕೌದಿನೂ ಬೆಳಸಿದೆ’ ಎಂದರು.

ಈಗ ಆ ಊರಲ್ಲಿ ಕೌದಿ ಹೊಲಿಯುವ ಕೈ ಇವರದೊಂದೇ. ಸೊಸೆಗೆ ಬರುತ್ತದೆ, ಹೊಲದ ಕೆಲಸ ಬಿಟ್ಟು ಕೂರಲು ಹೊತ್ತಿಲ್ಲ. ಪೇಟೆಯಲ್ಲಿ ಮೆತ್ತನೆಯ ಬಣ್ಣದ ರಗ್ಗು ಅಗ್ಗಕ್ಕೆ ಸಿಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬಟ್ಟೆಯದು. ಮನೆಮನೆಯಲ್ಲಿ ಉಡುವುದೀಗ ನೈಲಾನು, ಪಾಲಿಸ್ಟರು. ಅವು ಸೂಜಿಯ ಕೆಳಗೆ ಜಾರುತ್ತವೆ, ಬೆವರು ಹೀರುವುದಿಲ್ಲ. ಪೆಟ್ಟಿಗೆಯಲ್ಲಿ ಉಳಿದ ಹಳೆಯ ಇಳಕಲ್ ಸೀರೆ, ಧೋತರಗಳು ಓಣಿಗೆ ಬರುವ ಪಾತ್ರೆಯವರ ಬುಟ್ಟಿಗೆ ಬಿದ್ದು ಸ್ಟೀಲ್ ಡಬ್ಬಿಯಾಗಿ ಅಡುಗೆಮನೆ ಸೇರುತ್ತಿವೆ. ಆಯಿಯ ತೊಡೆಯ ಮೇಲಿದ್ದ ಕೌದಿ ಬೇಗ ಮುಗಿಯದಿರುವುದೂ ಇದೇ ಕಾರಣಕ್ಕೆ. ಅದು ದಾರ ಹಾಕುವ ಮೊಮ್ಮಗಳಿಗೆ.

ಹೊರಡುವಾಗ ‘ನಿಮ್ಮ ಅವ್ವನ ಹತ್ತಿ ಸೀರಿ ಇದ್ದರ ತಗೊಂಡ ಬಾ’ ಎಂದರು. ಮನೆಗೆ ಬಂದು ಪೆಟ್ಟಿಗೆ ತೆಗೆದೆ, ಎರಡು ಸಿಕ್ಕಿವೆ. ನಿಮ್ಮ ಮನೆಯಲ್ಲೂ ಇದ್ದಾವು, ದಯವಿಟ್ಟು ಪಾತ್ರೆಯವರಿಗೆ ಹಾಕಬೇಡಿ. ಕಲಬುರಗಿ, ಬೀದರ ಕಡೆಯ ಯಾವ ಹಳ್ಳಿಗೆ ಹೋದರೂ ಕೌದಿ ಹೊಲಿಯುವ ಒಬ್ಬ ಆಯಿ ಇನ್ನೂ ಸಿಕ್ಕಾರು. ಕೇಳಿ, ಕೊಟ್ಟು ಬನ್ನಿ.