ಕ್ರ್ಯಾಂಕು ಮತ್ತು ಯಂತ್ರ

ಮನುಷ್ಯನ ಕಾಲು ಮೇಲೆ ಕೆಳಗೆ ಆಡುವುದಕ್ಕೆ ಹೊಂದಿಕೊಂಡ ಅಂಗ; ಚಕ್ರವಾದರೋ ಸುತ್ತುವುದಕ್ಕಾಗಿಯೇ ರೂಪುಗೊಂಡ ವಸ್ತು. ಈ ಎರಡು ಬಗೆಯ ಚಲನೆಗಳನ್ನು ಬೆಸೆಯುವ ಸರಳ ಸಾಧನವೇ ಬೈಸಿಕಲ್ಲಿನ ಕ್ರ್ಯಾಂಕು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ನಿರ್ಮಿಸಿದ ಎರಡು ಗಾಲಿಯ ವಾಹನಕ್ಕೆ ಕ್ರ್ಯಾಂಕೂ ಇರಲಿಲ್ಲ, ಪೆಡಲೂ ಇರಲಿಲ್ಲ. ಸವಾರನು ಕಾಲಿನಿಂದ ನೆಲವನ್ನು ಒದೆಯುತ್ತ ಮುಂದೆ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನ ಕುಶಲಕರ್ಮಿಗಳು ಮುಂದಿನ ಗಾಲಿಗೆ ಕ್ರ್ಯಾಂಕನ್ನು ಜೋಡಿಸಿದರು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ರೋವರ್ ಸೈಕಲ್ಲಿನಲ್ಲಿ ಕ್ರ್ಯಾಂಕು ಎರಡು ಗಾಲಿಗಳ ನಡುವೆ ನೆಲೆಗೊಂಡು, ಸರಪಳಿಯ ಮೂಲಕ ಹಿಂದಿನ ಗಾಲಿಯನ್ನು ತಿರುಗಿಸಿತು. ಇಂದಿನ ಸೈಕಲ್ಲಿನ ರೂಪ ಹೆಚ್ಚು ಕಡಿಮೆ ಅಂದೇ ನಿಶ್ಚಿತವಾಯಿತು.

ನೋಡುವುದಕ್ಕೆ ಕ್ರ್ಯಾಂಕು ಒಂದು ಲೋಹದ ಪಟ್ಟಿ. ಆದರೆ ಅದು ಹೊರುವ ಭಾರ ಅಲ್ಪವಾದುದಲ್ಲ. ಅದರ ಉದ್ದ ಸಾಮಾನ್ಯವಾಗಿ 170 ಮಿಲಿಮೀಟರ್. ಕ್ರ್ಯಾಂಕು ನೆಲಕ್ಕೆ ಸಮಾಂತರವಾಗಿರುವಾಗ 60 ಕಿಲೋಗ್ರಾಂ ತೂಕದ ಸವಾರನು ಒಂದೇ ಪೆಡಲಿನ ಮೇಲೆ ನಿಂತನೆಂದು ಭಾವಿಸೋಣ. ಆಗ ನಡುವಿನ ಅಚ್ಚಿನ ಮೇಲೆ ಸುಮಾರು 100 ನ್ಯೂಟನ್ ಮೀಟರಿನಷ್ಟು ತಿರುಗುಬಲ ಉಂಟಾಗುತ್ತದೆ. ಹಲ್ಲುಚಕ್ರದಲ್ಲಿ 44 ಹಲ್ಲುಗಳಿದ್ದರೆ ಅದರ ತ್ರಿಜ್ಯ ಸುಮಾರು 89 ಮಿಲಿಮೀಟರ್. ಕ್ರ್ಯಾಂಕು ಇದರ ಸರಿಸುಮಾರು ಎರಡರಷ್ಟು ಉದ್ದವಿರುವುದರಿಂದ, ಸರಪಳಿಯನ್ನು ಎಳೆಯುವ ಬಲವೂ ಸವಾರನ ತೂಕದ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ಪೆಡಲು ಕ್ರ್ಯಾಂಕಿನ ಹೊರಬದಿಗೆ ಚಾಚಿಕೊಂಡಿರುವುದರಿಂದ ಕ್ರ್ಯಾಂಕು ಬಾಗುವುದಷ್ಟೇ ಅಲ್ಲದೆ ತಿರುಚಿಕೊಳ್ಳುತ್ತದೆ ಕೂಡ.

ಈ ಭಾರ ಒಮ್ಮೆ ಬಂದು ಹೋಗುವಂಥದಲ್ಲ. ನಿಮಿಷಕ್ಕೆ 60 ಸುತ್ತಿನಂತೆ ತುಳಿದರೆ ಗಂಟೆಗೆ 3,600 ಬಾರಿ ಅದು ಮರುಕಳಿಸುತ್ತದೆ. ಒಂದೇ ಸಲಕ್ಕೆ ಲೋಹವನ್ನು ಮುರಿಯಲಾರದ ಭಾರವೂ ಲಕ್ಷಾಂತರ ಸಲ ಬಿದ್ದರೆ ಅದನ್ನು ಮುರಿಯಬಲ್ಲುದು. 19ನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್, ರೈಲುಗಾಡಿಯ ಅಚ್ಚುಗಳನ್ನು ದೀರ್ಘಕಾಲ ಪರೀಕ್ಷಿಸಿ ಈ ಸಂಗತಿಯನ್ನು ಕ್ರಮಬದ್ಧವಾಗಿ ವಿವರಿಸಿದನು. ಇದಕ್ಕೆ ಲೋಹದ ದಣಿವು ಎಂದು ಹೆಸರು. ಚೂಪಾದ ಒಳಮೂಲೆ, ಆಳವಾದ ಗೀರು, ಪೆಡಲಿನ ರಂಧ್ರದ ಅಂಚು—ಇಂಥ ಕಡೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಯಾರ ಕಣ್ಣಿಗೂ ಬೀಳದೆ ಬೆಳೆದು, ಕೊನೆಗೊಂದು ದಿನ ಕ್ರ್ಯಾಂಕು ಥಟ್ಟನೆ ಮುರಿಯುತ್ತದೆ. ಏರಿನಲ್ಲಿ ನಿಂತು ತುಳಿಯುತ್ತಿರುವ ಸವಾರನು ಆಗ ರಸ್ತೆಗೆ ಬೀಳುತ್ತಾನೆ. ಆದುದರಿಂದ ಮನೆಯ ಕಾರ್ಯಾಗಾರದಲ್ಲಿ ಕ್ರ್ಯಾಂಕನ್ನು ತಯಾರಿಸಲು ಹೊರಟವನು ಮೊದಲು ಅರಿಯಬೇಕಾದುದು ಲೋಹದ ಸ್ವಭಾವವನ್ನು.

ಉಕ್ಕಿಗೆ ಹೋಲಿಸಿದರೆ ಅಲ್ಯೂಮಿನಿಯಂ ಮಿಶ್ರಲೋಹದ ತೂಕ ಮೂರನೆಯ ಒಂದು ಭಾಗ. ಅದರ ಬಿಗುವೂ ಮೂರನೆಯ ಒಂದು ಭಾಗವೇ. ಈ ಕಾರಣದಿಂದ ಅಲ್ಯೂಮಿನಿಯಂ ಕ್ರ್ಯಾಂಕು ಉಕ್ಕಿನದಕ್ಕಿಂತ ದಪ್ಪವಾಗಿರಬೇಕಾಗುತ್ತದೆ. 6061 ಮತ್ತು 7075 ಎಂಬ ಸಂಖ್ಯೆಗಳಿಂದ ಗುರುತಿಸುವ ಮಿಶ್ರಲೋಹಗಳು ಈ ಕೆಲಸಕ್ಕೆ ಬಳಕೆಯಲ್ಲಿವೆ. ಎರಡನೆಯದು ಹೆಚ್ಚು ಬಲಶಾಲಿ. ದೊಡ್ಡ ಕಾರ್ಖಾನೆಗಳು ಕಾದ ಲೋಹವನ್ನು ಅಚ್ಚಿನಲ್ಲಿಟ್ಟು ಬಡಿದು ರೂಪಿಸುತ್ತವೆ; ಹೀಗೆ ಮಾಡಿದಾಗ ಲೋಹದ ಎಳೆಗಳು ಕ್ರ್ಯಾಂಕಿನ ಆಕಾರವನ್ನೇ ಅನುಸರಿಸುತ್ತವೆ. ಅಂಥ ಸೌಕರ್ಯವಿಲ್ಲದವನು ಗಟ್ಟಿಯ ದಿಂಡನ್ನು ಕಡೆದು ರೂಪ ಕೊಡಬೇಕು. ಬಲದ ಕೊರತೆಯನ್ನು ತುಸು ಹೆಚ್ಚಿನ ದಪ್ಪದಿಂದಲೂ ದುಂಡಗಿನ ಮೂಲೆಗಳಿಂದಲೂ ತುಂಬಿಕೊಳ್ಳಬೇಕು.

ಕಡೆಯುವ ಕೆಲಸಕ್ಕೂ ಒಂದು ಕ್ರಮವಿದೆ. ಅಚ್ಚಿನ ರಂಧ್ರವೂ ಪೆಡಲಿನ ರಂಧ್ರವೂ ಒಂದಕ್ಕೊಂದು ಸಮಾಂತರವಾಗಿರಬೇಕು. ಇಲ್ಲವಾದರೆ ಪ್ರತಿ ಸುತ್ತಿನಲ್ಲೂ ಪೆಡಲು ವಾಲಾಡಿ ಸವಾರನ ಮಂಡಿಗೆ ನೋವು ತರುತ್ತದೆ. ಲೋಹವನ್ನು ಒಮ್ಮೆ ಬಿಗಿದ ಮೇಲೆ, ಸಡಿಲಿಸದೆಯೇ ಎರಡು ರಂಧ್ರಗಳನ್ನೂ ಕೊರೆಯುವುದು ಇದಕ್ಕೆ ಉಪಾಯ. ಬಲಗಡೆಯ ಪೆಡಲಿಗೆ ಸಾಮಾನ್ಯ ತಿರುಪು, ಎಡಗಡೆಯದಕ್ಕೆ ಎಡತಿರುಪು ಬೇಕು. ಸುತ್ತುತ್ತಿರುವ ಭಾರದ ಒತ್ತಡದಿಂದ ಪೆಡಲಿನ ಅಚ್ಚು ರಂಧ್ರದೊಳಗೆ ಅತಿ ಮೆಲ್ಲನೆ ಉರುಳುತ್ತದೆ. ಎಡಗಡೆಗೂ ಸಾಮಾನ್ಯ ತಿರುಪನ್ನೇ ಹಾಕಿದರೆ ಪೆಡಲು ತಾನಾಗಿಯೇ ಕಳಚಿಕೊಳ್ಳಬಹುದು. ಕೊನೆಯಲ್ಲಿ ಕಟ್ಟರಿನ ಗುರುತುಗಳನ್ನೆಲ್ಲ ಉದ್ದುದ್ದಕ್ಕೆ ಉಜ್ಜಿ ನುಣುಪುಗೊಳಿಸಬೇಕು. ಇದು ಅಂದಕ್ಕಾಗಿ ಮಾತ್ರವಲ್ಲ, ಬಿರುಕಿಗೆ ಎಡೆಗೊಡದಿರುವುದಕ್ಕಾಗಿ.

ಇನ್ನು ಯಂತ್ರದ ಮಾತು. ಅಮೆರಿಕದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ರೆಕ್ಕೆಗಳ ಬಾಗುಗಳನ್ನು ಕರಾರುವಾಕ್ಕಾಗಿ ಪಡೆಯಲು ಯತ್ನಿಸುತ್ತಿದ್ದಾಗ, ಸಂಖ್ಯೆಗಳಿಂದಲೇ ಯಂತ್ರವನ್ನು ನಡೆಸುವ ಆಲೋಚನೆ ಬೆಳೆಯಿತು. 1952ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು, ತೂತು ಹೊಡೆದ ಕಾಗದದ ಪಟ್ಟಿಯಿಂದ ಆಜ್ಞೆ ಪಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಮುಂದೆ ಕಾಗದದ ಪಟ್ಟಿಯ ಸ್ಥಾನಕ್ಕೆ ಕಂಪ್ಯೂಟರ್ ಬಂದುದರಿಂದ ಅದು ಸಿ.ಎನ್.ಸಿ. ಯಂತ್ರವಾಯಿತು. ಕುಶಲಿಯು ಕೈಚಕ್ರವನ್ನು ತಿರುಗಿಸಿ ಮಾಡುತ್ತಿದ್ದ ಕೆಲಸವನ್ನು ಇದರಲ್ಲಿ ಮೋಟಾರುಗಳು ಮಾಡುತ್ತವೆ. ಇಷ್ಟು ದೂರ, ಈ ದಿಕ್ಕಿನಲ್ಲಿ, ಈ ವೇಗದಲ್ಲಿ ಎಂಬ ಆಜ್ಞೆಗಳ ಸಾಲೇ ಅವುಗಳಿಗೆ ದಾರಿ.

ಇಂಥ ಯಂತ್ರವನ್ನು ಆರಿಸುವವನು ವೇಗಕ್ಕೆ ಮಾರುಹೋಗಬಾರದು. ಮೊದಲು ನೋಡಬೇಕಾದುದು ಅದರ ದೃಢತೆ. ಮರ ಕೆತ್ತುವ ಹಗುರ ಯಂತ್ರ ಲೋಹದ ಮೇಲೆ ನಡುಗುತ್ತದೆ; ನಡುಗಿದ ಕಟ್ಟರು ಗೀರುಗಳನ್ನು ಉಳಿಸುತ್ತದೆ. ಎರಡನೆಯದು ಮೇಜಿನ ಓಟ. ಕ್ರ್ಯಾಂಕಿನ ಎರಡು ತುದಿಗಳೂ ಕಟ್ಟರಿನ ಅಗಲವೂ ಸೇರಿದರೆ 250 ಮಿಲಿಮೀಟರಿಗೆ ಕಡಮೆಯಿಲ್ಲದ ಓಟ ಬೇಕಾಗುತ್ತದೆ. ಮೂರನೆಯದು ಮೇಜನ್ನು ನಡೆಸುವ ತಿರುಪು. ದಿಕ್ಕು ಬದಲಾದಾಗ ತಿರುಪು ಮಾತ್ರ ತಿರುಗಿ ಮೇಜು ತುಸು ತಡೆದು ನಿಂತರೆ, ವೃತ್ತವಾಗಬೇಕಾದ ರಂಧ್ರ ವೃತ್ತವಾಗದು. ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂ ಈ ದೋಷವನ್ನು ಬಹುಮಟ್ಟಿಗೆ ನೀಗುತ್ತದೆ. ಕಟ್ಟರುಗಳು, ವೈಸು, ಅಳತೆಯ ಉಪಕರಣಗಳು ಇವುಗಳ ಬೆಲೆಯನ್ನೂ ಯಂತ್ರದ ಬೆಲೆಯೊಂದಿಗೆ ಕೂಡಿಸಿಕೊಳ್ಳುವುದು ವಿವೇಕ.

ಒಂದೆರಡು ಕ್ರ್ಯಾಂಕುಗಳಿಗಾಗಿ ಸಿ.ಎನ್.ಸಿ. ಯಂತ್ರವನ್ನು ಕೊಳ್ಳುವುದು ಒಂದು ಲೋಟ ಹಾಲಿಗಾಗಿ ಹಸುವನ್ನು ಕಟ್ಟಿದಂತೆ. ಅಷ್ಟಕ್ಕೆ ಕೈಯಿಂದ ನಡೆಸುವ ಮಿಲ್ಲಿಂಗ್ ಯಂತ್ರವೇ ಸಾಕು. ಅಥವಾ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಯಾಗಾರಗಳಿಗೆ ನಕ್ಷೆ ಕೊಟ್ಟು ಮಾಡಿಸಿಕೊಳ್ಳಬಹುದು. ಒಂದೇ ಅಳತೆಯ ಹಲವಾರು ಭಾಗಗಳು ಬೇಕಾದಾಗ ಸಿ.ಎನ್.ಸಿ. ಯಂತ್ರದ ಶಕ್ತಿ ತಿಳಿಯುತ್ತದೆ; ಮೊದಲನೆಯದು ಹೇಗೋ ನೂರನೆಯದೂ ಹಾಗೆಯೇ ಬರುತ್ತದೆ. ಆದರೆ ನಕ್ಷೆಯಲ್ಲಿ ತಪ್ಪಿದ್ದರೆ ಆ ತಪ್ಪೂ ನೂರು ಬಾರಿ ಅಷ್ಟೇ ನಿಷ್ಠೆಯಿಂದ ಮೂಡುತ್ತದೆ. ಯಂತ್ರಕ್ಕೆ ಗೊತ್ತಿರುವುದು ಅಳತೆ ಮಾತ್ರ. ಯಾವ ಮೂಲೆಯನ್ನು ದುಂಡಗಾಗಿಸಬೇಕು, ಎಲ್ಲಿ ಲೋಹವನ್ನು ಉಳಿಸಬೇಕು, ಪೆಡಲಿನ ಮೇಲೆ ನಿಲ್ಲುವವನ ಜೀವಕ್ಕೆ ಯಾವುದು ಕ್ಷೇಮ ಎಂಬುದನ್ನು ತಿಳಿದು ನಕ್ಷೆ ಬರೆಯಬೇಕಾದವನು ಮನುಷ್ಯನೇ.