ಆರೈಕೆಗೆ ಮರಳಿ ಬಂದ ಗಂಡಸರು

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕೊಲಂಬಸ್ ಪಟ್ಟಣದ ಜೋ ಹೋಗನ್ 1979ರಲ್ಲಿ ತಮ್ಮೂರಿನ ಸರ್ಕಾರಿ ಮಹಿಳಾ ವಿಶ್ವವಿದ್ಯಾಲಯಕ್ಕೆ ನರ್ಸಿಂಗ್ ಪದವಿ ಓದಲು ಅರ್ಜಿ ಹಾಕಿದರು. ಅವರು ಆಗಲೇ ನೋಂದಾಯಿತ ನರ್ಸ್, ಊರಿನ ಆಸ್ಪತ್ರೆಯಲ್ಲಿ ಮೇಲ್ವಿಚಾರಕ. ಪದವಿಯಿದ್ದರೆ ಸಂಬಳ ಹೆಚ್ಚುತ್ತಿತ್ತು, ಅರಿವಳಿಕೆಯಂಥ ವಿಶೇಷ ತರಬೇತಿಗೂ ದಾರಿಯಾಗುತ್ತಿತ್ತು. ಅರ್ಹತೆಗೆ ಕೊರತೆಯಿರಲಿಲ್ಲ. ಗಂಡಸು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಬೇಕಿದ್ದರೆ ತರಗತಿಯಲ್ಲಿ ಕೂತು ಪಾಠ ಕೇಳಬಹುದು, ಪದವಿ ಮಾತ್ರ ಸಿಗದು ಎಂದರು. ಹುಡುಗರನ್ನೂ ಸೇರಿಸಿಕೊಳ್ಳುತ್ತಿದ್ದ ಸರ್ಕಾರಿ ನರ್ಸಿಂಗ್ ಕಾಲೇಜುಗಳು ಇನ್ನೂರು ಕಿಲೋಮೀಟರಿಗೂ ಆಚೆ ಇದ್ದವು. ಹೋಗನ್ ನ್ಯಾಯಾಲಯದ ಮೆಟ್ಟಿಲೇರಿದರು.

ಗಂಡಸರು ಈ ವೃತ್ತಿಗೆ ಹೊಸಬರೇನಲ್ಲ. ಚರಕಸಂಹಿತೆ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳುತ್ತದೆ. ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯ ಮೇಲಿನ ಪ್ರೀತಿ, ಶುಚಿತ್ವ ಇವು ಪರಿಚಾರಕನಲ್ಲಿ ಇರಬೇಕಾದ ಗುಣಗಳು. 16ನೇ ಶತಮಾನದ ಸ್ಪೇನಿನಲ್ಲಿ ಸಂತ ಜಾನ್ ಆಫ್ ಗಾಡ್ ಗ್ರಾನಡಾದ ಬಡ ರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಅದೇ ಶತಮಾನದ ಇಟಲಿಯ ಕಮಿಲ್ಲಸ್ ಮೊದಲು ಸೈನಿಕ, ಜೂಜುಕೋರ. ಕಾಲಿನ ವಾಸಿಯಾಗದ ಹುಣ್ಣಿಗಾಗಿ ರೋಮಿನ ಆಸ್ಪತ್ರೆ ಸೇರಿ, ಕೊನೆಗೆ ರೋಗಿಗಳ ಸೇವೆಗೇ ನಿಂತರು. ಅವರ ಪಂಥದವರು ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿ ಪ್ಲೇಗ್ ಪೀಡಿತರ ನಡುವೆ ದುಡಿದರು.

ಚಿತ್ರ ಬದಲಾದದ್ದು 19ನೇ ಶತಮಾನದಲ್ಲಿ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ತರಬೇತಿ ಶಾಲೆ ಹೆಂಗಸರಿಗಾಗಿಯೇ ಇತ್ತು. ಅದು ದೊಡ್ಡ ಉಪಕಾರ. ಮನೆಯಾಚೆ ಮರ್ಯಾದೆಯ ದುಡಿಮೆ ವಿರಳವಾಗಿದ್ದ ಕಾಲದಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ಸ್ವಂತ ಸಂಬಳ, ಸ್ವಂತ ವೃತ್ತಿ ದಕ್ಕಿತು. ಆದರೆ ಶುಶ್ರೂಷೆ ಹೆಣ್ಣಿನ ಹುಟ್ಟುಗುಣ ಎಂಬ ನಂಬಿಕೆಯೂ ಜೊತೆಯಲ್ಲೇ ಬೇರೂರಿತು. ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ 1888ರಲ್ಲಿ ಗಂಡಸರಿಗೆಂದೇ ಒಂದು ನರ್ಸಿಂಗ್ ಶಾಲೆ ಶುರುವಾದರೂ ಅಂಥವು ಬೆರಳೆಣಿಕೆಯಷ್ಟು.

ನಂಬಿಕೆ ಬೇಗನೆ ಕಾನೂನಾಯಿತು. ಬ್ರಿಟನ್ನಿನ 1919ರ ಕಾಯ್ದೆ ನರ್ಸುಗಳ ನೋಂದಣಿ ಆರಂಭಿಸಿತು, ಗಂಡಸರನ್ನು ಮಾತ್ರ ಬೇರೆ ಪಟ್ಟಿಯಲ್ಲಿಟ್ಟಿತು. ಎರಡೂ ಪಟ್ಟಿಗಳು ಒಂದಾಗಲು 1949ರ ಕಾಯ್ದೆ ಬರಬೇಕಾಯಿತು. ಅಮೆರಿಕ 1901ರಲ್ಲಿ ಸೇನಾ ನರ್ಸಿಂಗ್ ದಳ ಕಟ್ಟಿದಾಗ ಅದನ್ನು ಹೆಂಗಸರಿಗೇ ಮೀಸಲಿಟ್ಟಿತು. ಎರಡನೇ ಮಹಾಯುದ್ಧದಲ್ಲಿ ತರಬೇತಾದ ಗಂಡು ನರ್ಸುಗಳು ಅಧಿಕಾರಿಗಳಾಗುವಂತಿರಲಿಲ್ಲ, ಸಾಮಾನ್ಯ ಸೈನಿಕರಾಗಿಯೇ ಇರಬೇಕಿತ್ತು. 1955ರಲ್ಲಿ ಎಡ್ವರ್ಡ್ ಲಯನ್ ಆ ದಳದ ಮೊದಲ ಪುರುಷ ಅಧಿಕಾರಿಯಾದರು.

ಹೋಗನ್ ಮೊಕದ್ದಮೆಯ ತೀರ್ಪು ಹೊರಬಿದ್ದದ್ದು 1982ರ ಜುಲೈ 1ರಂದು. ಐವರು ನ್ಯಾಯಮೂರ್ತಿಗಳು ಹೋಗನ್ ಪರ, ನಾಲ್ವರು ವಿರುದ್ಧ. ತೀರ್ಪು ಬರೆದವರು ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. ಕಾನೂನು ಪದವಿ ಮುಗಿಸಿದ ಹೊಸದರಲ್ಲಿ ಅವರಿಗೊಂದು ಸಂಸ್ಥೆ ಕೊಡಲು ಮುಂದಾಗಿದ್ದು ವಕೀಲಿಕೆಯನ್ನಲ್ಲ, ಕಾರ್ಯದರ್ಶಿಯ ಕೆಲಸವನ್ನು. ಬಾಗಿಲು ಮುಚ್ಚಿಸಿಕೊಂಡ ಅನುಭವವಿದ್ದ ಅವರು ವಿಶ್ವವಿದ್ಯಾಲಯದ ವಾದವನ್ನು ಬಿಡಿಬಿಡಿಯಾಗಿ ಪರಿಶೀಲಿಸಿದರು. ಇದು ಹೆಣ್ಣುಮಕ್ಕಳಿಗೆ ಆಗಿದ್ದ ಅನ್ಯಾಯಕ್ಕೆ ಪರಿಹಾರ ಎಂಬ ಮಾತು ನಿಲ್ಲಲಿಲ್ಲ. ನರ್ಸಿಂಗ್ ಹೆಣ್ಣುಮಕ್ಕಳಿಗೆ ಅವಕಾಶ ತಪ್ಪಿದ ಕ್ಷೇತ್ರವೇ ಅಲ್ಲ. 1970ರಲ್ಲಿ ಮಿಸಿಸಿಪ್ಪಿಯ ನರ್ಸಿಂಗ್ ಪದವಿಗಳಲ್ಲಿ ಶೇ 94ರಷ್ಟು ಪಡೆದವರು ಮಹಿಳೆಯರು. ಈ ನಿಯಮ ನರ್ಸಿಂಗ್ ಹೆಣ್ಣಿನ ಕೆಲಸವೆಂಬ ಹಳೆಯ ಎಣಿಕೆಯನ್ನು ಗಟ್ಟಿಗೊಳಿಸುತ್ತದೆ ಎಂದು ಅವರು ಬರೆದರು. ಗಂಡಸರನ್ನು ದೂರವಿಟ್ಟದ್ದರಿಂದ ನರ್ಸುಗಳ ಸಂಬಳವೇ ಕುಗ್ಗಿದೆ ಎಂಬ ಅಮೆರಿಕನ್ ನರ್ಸುಗಳ ಸಂಘದವರ ಅಭಿಪ್ರಾಯವನ್ನೂ ಅಡಿಟಿಪ್ಪಣಿಯಲ್ಲಿ ದಾಖಲಿಸಿದರು.

ನಮ್ಮಲ್ಲಿ ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಹುಡುಗರೂ ಓದುತ್ತಾರೆ. ಐಸಿಯು, ಆಪರೇಷನ್ ಥಿಯೇಟರ್, ಮಾನಸಿಕ ಚಿಕಿತ್ಸಾ ವಾರ್ಡುಗಳಲ್ಲಿ ಅವರ ದುಡಿಮೆ ಕಾಣುತ್ತದೆ. ಆದರೆ 1943ರ ಸುಗ್ರೀವಾಜ್ಞೆಯಿಂದ ನಡೆದುಬಂದ ಮಿಲಿಟರಿ ನರ್ಸಿಂಗ್ ಸೇವೆ ದಶಕಗಳ ಕಾಲ ಹೆಂಗಸರಿಗೇ ಮೀಸಲಾಗಿತ್ತು. ಸೇನೆ ಸೇರುವ ಗಂಡಸರಿಗೆ ಇದ್ದದ್ದು ಅಧಿಕಾರಿಗಿಂತ ಕೆಳಗಿನ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆ. ಈ ವ್ಯವಸ್ಥೆಯ ವಿರುದ್ಧದ ಅರ್ಜಿ ದೆಹಲಿ ಹೈಕೋರ್ಟಿನ ಮುಂದೆ ಬಂದಿತ್ತು. ಏಮ್ಸ್ 2019ರಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಗಳನ್ನು ಮಹಿಳೆಯರಿಗೆ ಶೇ 80, ಪುರುಷರಿಗೆ ಶೇ 20 ಎಂದು ಹಂಚಲು ನಿರ್ಧರಿಸಿತು.

ಹೆಣ್ಣು ರೋಗಿಗೆ ಹೆಣ್ಣು ನರ್ಸೇ ಬೇಕೆನಿಸುವುದು ಸಹಜ, ಆ ಸಂಕೋಚವನ್ನು ಗೌರವಿಸಲೇಬೇಕು. ಗಂಡು ರೋಗಿಗೂ ಅಂಥದೇ ಸಂಕೋಚವಿರುತ್ತದೆ. ಯಾರಿಗೆ ಯಾವ ವಾರ್ಡು ಎಂದು ಗೊತ್ತುಮಾಡುವಾಗ ಇದನ್ನು ನೋಡಿಕೊಳ್ಳಬಹುದು. ಅದಕ್ಕಾಗಿ ನೇಮಕಾತಿಯ ಬಾಗಿಲನ್ನೇ ಕಿರಿದು ಮಾಡಬೇಕಿಲ್ಲ. ಶುಶ್ರೂಷೆ ಹೆಣ್ಣಿನ ಹುಟ್ಟುಗುಣ ಎನ್ನುವ ಸಮಾಜ ಅದನ್ನು ಕಲಿತ ವಿದ್ಯೆಯೆಂದು ಒಪ್ಪುವುದಿಲ್ಲ, ವಿದ್ಯೆಗೆ ತಕ್ಕ ಸಂಬಳವನ್ನೂ ಕೊಡುವುದಿಲ್ಲ. ರಾತ್ರಿಪಾಳಿಯಲ್ಲಿ ದುಡಿಯುವ ನಮ್ಮ ಲಕ್ಷಾಂತರ ಹೆಣ್ಣುಮಕ್ಕಳ ಹಿತಕ್ಕಾಗಿಯೂ ಈ ವೃತ್ತಿ ಎಲ್ಲರದಾಗಬೇಕು.