‘ವ್ಯಸನ’ದ ಎರಡು ಅರ್ಥಗಳು: ‘ರೆಕ್ವಿಯಮ್ ಫಾರ್ ಎ ಡ್ರೀಮ್’ ಚಿತ್ರದ ಒಂದು ವಿವೇಚನೆ

ಕನ್ನಡದಲ್ಲಿ ‘ವ್ಯಸನ’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಒಂದು ಚಟ, ಇನ್ನೊಂದು ದುಃಖ. ‘ವ್ಯಸನಿ’ ಎಂದಾಗ ಮೊದಲನೆಯದೂ ‘ವ್ಯಸನಪಡು’ ಎಂದಾಗ ಎರಡನೆಯದೂ ಮುಂದಾಗುತ್ತದೆ. ಜೈನ ಪರಂಪರೆಯ ಸಪ್ತವ್ಯಸನಗಳ ಪರಿಕಲ್ಪನೆಯು ಚಟವನ್ನು ಆಚಾರದ ದೋಷವೆಂದು ಪರಿಗಣಿಸುತ್ತದೆ. ಚಟದ ಹಿಂದಿರಬಹುದಾದ ದುಃಖ ಅಲ್ಲಿ ಮುಖ್ಯ ವಿಚಾರವಲ್ಲ. ಈ ಎರಡು ಅರ್ಥಗಳ ನಡುವಿನ ಸಂಬಂಧವನ್ನು ಪರಿಶೀಲಿಸಲು ಡ್ಯಾರೆನ್ ಅರೊನೊಫ್‌ಸ್ಕಿ ನಿರ್ದೇಶನದ ‘ರೆಕ್ವಿಯಮ್ ಫಾರ್ ಎ ಡ್ರೀಮ್’ (2000) ಚಿತ್ರವು ಉತ್ತಮ ಆಕರವಾಗಿದೆ.

ಹ್ಯೂಬರ್ಟ್ ಸೆಲ್ಬಿ 1978ರಲ್ಲಿ ಪ್ರಕಟಿಸಿದ ಕಾದಂಬರಿ ಈ ಚಿತ್ರಕ್ಕೆ ಆಧಾರ. ಚಿತ್ರಕಥೆಯಲ್ಲಿಯೂ ಅವನು ಪಾಲುಗೊಂಡಿದ್ದಾನೆ. ಕಥೆ ನಡೆಯುವುದು ನ್ಯೂಯಾರ್ಕಿನ ಬ್ರೂಕ್ಲಿನ್ ಪ್ರದೇಶದ ಕಡಲತೀರದಲ್ಲಿ. ಬೇಸಿಗೆ, ಶರತ್ತು, ಚಳಿಗಾಲ ಎಂಬ ಮೂರು ಭಾಗಗಳಲ್ಲಿ. ವಸಂತವು ಮತ್ತೆ ಬರುವುದಿಲ್ಲ. ಮಗ ಹ್ಯಾರಿ, ಅವನ ಪ್ರೇಯಸಿ ಮೇರಿಯನ್ ಹಾಗೂ ಗೆಳೆಯ ಟೈರೋನ್ ಹೆರಾಯಿನ್‌ಗೆ ಬಲಿಯಾದವರು. ವಿಧವೆಯಾದ ತಾಯಿ ಸಾರಾ ದೂರದರ್ಶನದ ಮುಂದೆ ದಿನಗಳೆಯುವವಳು. ಈ ಪಾತ್ರಕ್ಕಾಗಿ ಎಲೆನ್ ಬರ್ಸ್ಟಿನ್ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಳು.

ದೂರದರ್ಶನದಲ್ಲಿ ಕಾಣಿಸಿಕೊಳ್ಳುವ ಅವಕಾಶದ ಆಸೆ ಹುಟ್ಟಿಸುವ ದೂರವಾಣಿ ಕರೆಯೊಂದು ಸಾರಾಳ ಬದುಕನ್ನು ಬದಲಿಸುತ್ತದೆ. ಹಳೆಯ ಕೆಂಪು ಉಡುಪು ಮೈಗೆ ಹಿಡಿಸಬೇಕೆಂದು ಅವಳು ತೂಕ ಇಳಿಸುವ ಗುಳಿಗೆಗಳನ್ನು ನುಂಗತೊಡಗುತ್ತಾಳೆ. ಗುಳಿಗೆ ಬರೆದುಕೊಡುವ ವೈದ್ಯನು ಅವಳ ಮುಖವನ್ನೇ ಸರಿಯಾಗಿ ನೋಡುವುದಿಲ್ಲ. ಕಾನೂನುಬಾಹಿರ ಹೆರಾಯಿನ್ ಮತ್ತು ವೈದ್ಯಸಮ್ಮತ ಗುಳಿಗೆ ಎರಡನ್ನೂ ಚಿತ್ರವು ಒಂದೇ ಬಗೆಯ ತ್ವರಿತ ದೃಶ್ಯಜೋಡಣೆಯಲ್ಲಿ ತೋರಿಸುತ್ತದೆ. ಹೀಗೆ ವಸ್ತುವಿನ ಭೇದ ಹಿಂದೆ ಸರಿದು, ಅದನ್ನು ಬಯಸುವ ಮನಸ್ಸು ಮುಂದೆ ಬರುತ್ತದೆ.

ಈ ದೃಷ್ಟಿಯಿಂದ ತಾಯಿಮಗನ ಭೇಟಿಯ ಪ್ರಸಂಗ ಮಹತ್ವದ್ದು. ತಾಯಿ ಹಲ್ಲು ಕಡಿಯುವುದನ್ನು ಕೇಳಿದೊಡನೆ ಹ್ಯಾರಿಗೆ ಗುಳಿಗೆಯ ಸ್ವರೂಪ ತಿಳಿಯುತ್ತದೆ. ಒಬ್ಬ ವ್ಯಸನಿಯನ್ನು ಇನ್ನೊಬ್ಬ ವ್ಯಸನಿ ಗುರುತಿಸುತ್ತಾನೆ. ಅವನು ಎಚ್ಚರಿಸಿದಾಗ ಆಕೆ ತನ್ನ ಮುಪ್ಪನ್ನೂ ಒಂಟಿತನವನ್ನೂ ತೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಏಳಲು ಈಗ ಒಂದು ಕಾರಣವಿದೆ ಎಂಬುದು ಅವಳ ಉತ್ತರ. ಹ್ಯಾರಿಯ ಬಳಿ ಅದಕ್ಕೆ ಮರುಮಾತಿಲ್ಲ. ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ಅಳುತ್ತಾನೆ. ಆ ಅಳುವನ್ನು ತಡೆಯಲು ಮತ್ತೆ ಮಾದಕವಸ್ತುವಿಗೇ ಕೈಚಾಚುತ್ತಾನೆ. ‘ವ್ಯಸನ’ದ ಎರಡೂ ಅರ್ಥಗಳು ಇಲ್ಲಿ ಒಂದೇ ಪ್ರಸಂಗದಲ್ಲಿ ಕೂಡುತ್ತವೆ. ದುಃಖವು ಚಟಕ್ಕೆ ದಾರಿಮಾಡುತ್ತದೆ. ಚಟವು ದುಃಖವನ್ನು ಹಂಚಿಕೊಳ್ಳುವ ಅವಕಾಶವನ್ನು ಕಸಿಯುತ್ತದೆ.

ಕನ್ನಡ ವಿಮರ್ಶೆಗೆ ಪರಿಚಿತವಾದ ‘ಏಕಾಂತ’ ಮತ್ತು ‘ಲೋಕಾಂತ’ಗಳಲ್ಲಿ ಸಾರಾಳಿಗೆ ಯಾವುದೂ ದಕ್ಕಿಲ್ಲ. ಏಕಾಂತವು ವ್ಯಕ್ತಿ ತಾನಾಗಿ ಬಯಸುವ ಸ್ಥಿತಿ. ಒಂಟಿತನವು ಅವಳ ಮೇಲೆ ಬಂದೆರಗಿದ್ದು. ಪರದೆಯನ್ನು ಇಬ್ಭಾಗಿಸುವ ತಂತ್ರವು ಈ ಒಂಟಿತನಕ್ಕೆ ದೃಶ್ಯರೂಪ ನೀಡುತ್ತದೆ. ಒಟ್ಟಿಗೆ ಮಲಗಿರುವ ಪ್ರೇಮಿಗಳೂ ಬೇರೆ ಬೇರೆ ಚೌಕಟ್ಟುಗಳಲ್ಲಿದ್ದಾರೆ.

ಚಿತ್ರದ ಕೊನೆಯ ಭಾಗದ ಬಗ್ಗೆ ಒಂದು ಆಕ್ಷೇಪಕ್ಕೆ ಅವಕಾಶವಿದೆ. ತೋಳು ಕಳೆದುಕೊಳ್ಳುವ ಹ್ಯಾರಿ, ದೇಹ ಮಾರಿಕೊಳ್ಳುವ ಮೇರಿಯನ್, ಸೆರೆಮನೆ ಸೇರುವ ಟೈರೋನ್, ವಿದ್ಯುದಾಘಾತ ಚಿಕಿತ್ಸೆಗೆ ಒಳಗಾಗುವ ಸಾರಾ: ಈ ಸರಣಿಯು ಪಾಪಕ್ಕೆ ತಕ್ಕ ಶಿಕ್ಷೆಯೆಂಬ ನೀತಿಕಥೆಯ ಚೌಕಟ್ಟಿಗೆ ಮರಳುವಂತೆ ತೋರುತ್ತದೆ. ಆದರೆ ನಾಲ್ವರೂ ಗರ್ಭಸ್ಥ ಶಿಶುವಿನಂತೆ ಮುದುಡಿ ಮಲಗುವ ದೃಶ್ಯಗಳು ತೀರ್ಪನ್ನು ತಡೆಹಿಡಿಯುತ್ತವೆ. ಸಾರಾಳ ಕೊನೆಯ ಕನಸಿನಲ್ಲಿ ಬಹುಮಾನದ ಜೊತೆಗೆ ಮಗನೂ ಬರುತ್ತಾನೆ, ಅವಳನ್ನು ಅಪ್ಪಿಕೊಳ್ಳುತ್ತಾನೆ. ಆಕೆ ಬಯಸಿದ್ದು ದೂರದರ್ಶನವನ್ನಲ್ಲ, ತನ್ನನ್ನು ನೋಡುವ ಕಣ್ಣುಗಳನ್ನು ಎಂಬುದು ಆಗ ಸ್ಪಷ್ಟವಾಗುತ್ತದೆ. ವ್ಯಸನಿಯನ್ನು ಅರಿಯಲು ಅವನ ಚಟದ ಜೊತೆಗೆ ಅವನ ವ್ಯಸನವನ್ನೂ ಕೇಳಬೇಕೆಂಬುದು ಈ ಚಿತ್ರದ ಒಟ್ಟು ಆಶಯ.